ಗೋಡೆಯೊಳಗಿನ ಡಬ್ಬಿ ಮತ್ತು ಒಂದು ಸಡಿಲ ಸ್ಕ್ರೂ

ಫ್ಲಾಟ್ ನೋಡೋಕೆ ಹೋದಾಗ ನಾವು ಏನೇನು ನೋಡ್ತೀವಿ? ಕಾವೇರಿ ನೀರು ಬರತ್ತಾ, ಕಾರ್ ಎಲ್ಲಿ ನಿಲ್ಲಿಸೋದು, ಬಾಲ್ಕನಿಗೆ ಬಿಸಿಲು ಬೀಳತ್ತಾ, ಅಡುಗೆಮನೆ ಯಾವ ದಿಕ್ಕಿಗಿದೆ. ಟೈಲ್ಸ್ ಮೇಲೆ ಬೆರಳಲ್ಲಿ ತಟ್ಟಿ ಟೊಳ್ಳು ಸದ್ದು ಬರತ್ತಾ ಅಂತ ಕಿವಿಗೊಟ್ಟು ಕೇಳೋ ಜಾಣರೂ ಇದ್ದಾರೆ. ಆದರೆ ಮುಂಬಾಗಿಲ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಮೇಲುಗಡೆ ಗೋಡೆಯೊಳಗೆ ಕೂತಿರೋ ಬಿಳಿ ಡಬ್ಬಿಯ ಬಾಗಿಲು ತೆಗೆದು ನೋಡೋರು ತೀರಾ ಕಡಿಮೆ. ಅದರ ಹೆಸರು ಡಿಸ್ಟ್ರಿಬ್ಯೂಷನ್ ಬೋರ್ಡ್. ಎಲ್ಲರ ಬಾಯಲ್ಲಿ ಡಿಬಿ. ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಿಡಿದು ಅದರ ಮುಂದೆ ನಿಲ್ಲೋದು ಬಿಟ್ಟರೆ ನಮಗೂ ಅದಕ್ಕೂ ಸಂಬಂಧವೇ ಇಲ್ಲ.

ಆ ಡಬ್ಬಿಯಲ್ಲಿ ಸುಮಾರು 140 ವರ್ಷದ ಚರಿತ್ರೆ ಇದೆ. ಅದರೊಳಗಿನ ಒಂದೊಂದು ಭಾಗವೂ ಎಲ್ಲೋ ಯಾರೋ ಸುಟ್ಟುಕೊಂಡಿದ್ದಕ್ಕೆ, ಸತ್ತಿದ್ದಕ್ಕೆ ಸಿಕ್ಕ ಉತ್ತರ. ಯಾವ ಭಾಗ ಯಾವ ಪ್ರಶ್ನೆಗೆ ಉತ್ತರ ಅಂತ ಗೊತ್ತಾದರೆ ಡಿಬಿ ಮುಂದೆ ನಿಂತಾಗ ಏನು ನೋಡಬೇಕು ಅನ್ನೋದೂ ಗೊತ್ತಾಗತ್ತೆ. ಒಂದು ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ ಅನ್ನೋದೂ ಗೊತ್ತಾಗತ್ತೆ.

ಕತೆ ಶುರುವಾಗೋದು 1882ರಲ್ಲಿ. ಆ ವರ್ಷ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ ತನ್ನ ವಿದ್ಯುತ್ ಕೇಂದ್ರ ಚಾಲೂ ಮಾಡಿದ. ಮೊದಲಿಗೆ ಉರಿದದ್ದು ಸುಮಾರು 400 ದೀಪ. ಅದಕ್ಕೆ ಎರಡು ವರ್ಷ ಮುಂಚೆಯೇ, 1880ರಲ್ಲಿ, ಅವನು ಫ್ಯೂಸಿಗೆ ಪೇಟೆಂಟ್ ತಗೊಂಡಿದ್ದ. ತಂತಿಯ ದಾರಿಯಲ್ಲಿ ಬೇಕಂತಲೇ ಒಂದು ದುರ್ಬಲ ತುಂಡು ಇಡೋದು, ಕರೆಂಟ್ ಹೆಚ್ಚಾದರೆ ಮನೆಗಿಂತ ಮುಂಚೆ ಅದು ಕರಗಲಿ ಅಂತ. ದಡ್ಡ ಉಪಾಯ ಅನ್ನಿಸಬಹುದು, ಆದರೆ ಇವತ್ತಿನವರೆಗೂ ಇದಕ್ಕಿಂತ ಸರಳವಾದ ಕಾವಲು ಬಂದಿಲ್ಲ.

ಆದರೂ ಬೆಂಕಿ ಬಿತ್ತು. ನ್ಯೂಯಾರ್ಕಿನ ದೊಡ್ಡ ಬ್ಯಾಂಕರ್ ಜೆ. ಪಿ. ಮಾರ್ಗನ್ ಎಡಿಸನ್ನನ ಕಂಪನಿಗೆ ದುಡ್ಡು ಹಾಕಿದವನು, ತನ್ನ ಮನೆಗೂ ಮೊದಮೊದಲೇ ದೀಪ ಹಾಕಿಸಿಕೊಂಡವನು. ಅವನ ಓದುವ ಕೋಣೆಯ ಮೇಜಿನ ದೀಪಕ್ಕೆ ಎಳೆದಿದ್ದ ತಂತಿಯಿಂದಲೇ ಬೆಂಕಿ ಹತ್ತಿ ಮೇಜು, ಕಾರ್ಪೆಟ್ ಎಲ್ಲ ಸುಟ್ಟವು. ಅಂಥ ಶ್ರೀಮಂತನ ಮನೆಯಲ್ಲೇ ಹೀಗಾದರೆ ಉಳಿದವರ ಗತಿ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಮೊದಲಿಗರು ವಿಮೆ ಕಂಪನಿಯವರು. ಮನೆ ಸುಟ್ಟರೆ ದುಡ್ಡು ಕೊಡಬೇಕಾದವರು ಅವರೇ ತಾನೆ. ಲಂಡನ್ನಿನ ಫೀನಿಕ್ಸ್ ಫೈರ್ ಆಫೀಸ್ ಅನ್ನೋ ವಿಮೆ ಕಂಪನಿಯ ಎಂಜಿನಿಯರ್ ಮಸ್‌ಗ್ರೇವ್ ಹೀಫಿ 1882ರಲ್ಲಿ ವೈರಿಂಗಿಗೆ ನಿಯಮ ಬರೆದ. ಅದೇ ವರ್ಷ ಲಂಡನ್ನಿನ ವಿದ್ಯುತ್ ಎಂಜಿನಿಯರುಗಳ ಸಂಘವೂ ಒಂದು ನಿಯಮಾವಳಿ ಹೊರಡಿಸಿತು. ಕೆಲವೇ ಪುಟದ ಆ ಪುಸ್ತಿಕೆ ಬ್ರಿಟನ್ನಿನ ವೈರಿಂಗ್ ನಿಯಮಗಳ ಮುತ್ತಜ್ಜ, ಒಂದು ರೀತಿಯಲ್ಲಿ ನಮ್ಮ ನಿಯಮಗಳ ಮುತ್ತಜ್ಜನೂ ಹೌದು.

ಆ ಪುಸ್ತಿಕೆಯ ಪೀಠಿಕೆಯಲ್ಲೇ ಅಪಾಯದ ಮೂರು ಮೂಲ ಹೆಸರಿಸಿದ್ದಾರೆ. ಒಂದು, ಕರೆಂಟಿನ ಸೋರಿಕೆ. ಎರಡು, ತಂತಿಯಲ್ಲಿ ಇರಬಾರದಷ್ಟು ಪ್ರತಿರೋಧ, ಅಂದರೆ ಹೊರೆಗೆ ಸಾಲದ ತಂತಿ. ಮೂರು, ಕೆಟ್ಟ ಜೋಡಣೆ. ಇವೆಲ್ಲ ಕಣ್ಣಿಗೆ ಕಾಣದ ಒಳಗಿನ ರೋಗಗಳು, ಪರೀಕ್ಷೆ ಮಾಡಿಯೇ ಹಿಡೀಬೇಕು, ಪಳಗಿದ ಕೈಗಳೇ ಕೆಲಸ ಮಾಡಬೇಕು ಅನ್ನೋದು ಅವರ ವಾದದ ಸಾರ. ಮುಂದಿನ 140 ವರ್ಷದಲ್ಲಿ ಮೊದಲ ಎರಡಕ್ಕೆ ಯಂತ್ರ ಸಿಕ್ಕಿತು. ಮೂರನೇದು ಹೆಚ್ಚುಕಡಿಮೆ ಅಲ್ಲೇ ಉಳೀತು.

ಅಮೆರಿಕದಲ್ಲೂ ಇದೇ ಕತೆ. 1893ರ ಶಿಕಾಗೋ ವಿಶ್ವಮೇಳದಲ್ಲಿ ಸಾವಿರಾರು ದೀಪಗಳನ್ನ ಹಾಕಿದ್ದರು. ಅಲ್ಲಿನ ವೈರಿಂಗ್ ಪರೀಕ್ಷೆ ಮಾಡೋಕೆ ಹೋದವನು ವಿಲಿಯಂ ಹೆನ್ರಿ ಮೆರಿಲ್ ಅನ್ನೋ ಹುಡುಗ ಎಂಜಿನಿಯರ್, ವಿಮೆಯವರ ಪರವಾಗಿ. ಮರುವರ್ಷ ಅವನು ಶುರು ಮಾಡಿದ ಪ್ರಯೋಗಾಲಯವೇ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ತಿರುಗಿಸಿ ನೋಡಿ, ವೃತ್ತದೊಳಗೆ ಯುಎಲ್ ಅಂತ ಗುರುತು ಇರಬಹುದು. ಅದು ಅಲ್ಲಿಂದ ಬಂದದ್ದು. ಅಂಡರ್‌ರೈಟರ್ ಅಂದರೆ ವಿಮೆಯ ಹೊಣೆ ಹೊರೋನು.

ಇನ್ನು ನಮ್ಮ ಕಡೆಗೆ ಬರೋಣ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ನಾವು ಹೆಮ್ಮೆಯಿಂದ ಹೇಳ್ಕೊಳ್ಳೋ ಬೆಂಗಳೂರಿನ ದೀಪ ಹತ್ತಿದ್ದು ಆಮೇಲೆ, 1905ರ ಆಗಸ್ಟ್ 5ರಂದು. ಮೊದಲು ಗಣಿ, ಆಮೇಲೆ ಮನೆ. ಈ ಕ್ರಮ ನೆನಪಲ್ಲಿಟ್ಟುಕೊಳ್ಳಿ, ಗಣಿ ಇನ್ನೊಂದು ಸಲ ಬರತ್ತೆ.

ನಮ್ಮಂಥ ಹಳ್ಳಿಗಳಿಗೆ ಕರೆಂಟ್ ಬಂದಿದ್ದು ಇನ್ನೂ ಎಷ್ಟೋ ದಶಕದ ಮೇಲೆ, ಕೆಇಬಿ ಕಾಲದಲ್ಲಿ. ನಮ್ಮೂರಲ್ಲಿ ಡಿಬಿ ಅನ್ನೋ ಪದವೇ ಇರಲಿಲ್ಲ. ಅದು 'ಮೈನು'. ಜಗುಲಿ ಗೋಡೆ ಮೇಲೆ ಒಂದು ಮರದ ಹಲಗೆ. ಅದರ ಮೇಲೆ ಮೀಟರು, ಬಿಳಿ ಪಿಂಗಾಣಿಯ ಎರಡು ಕಿಟ್‌ಕ್ಯಾಟ್ ಫ್ಯೂಸು, ಕರಿ ಬೇಕಲೈಟ್ ಸ್ವಿಚ್ಚು. ಹಲಗೆ ಹಿಂದೆ ಹಲ್ಲಿ ಮೊಟ್ಟೆ. 'ಫ್ಯೂಸ್ ಹೋಯ್ತು' ಅಂದರೆ ಯಾರಾದರೂ ಕಿಟ್‌ಕ್ಯಾಟ್ ಎಳೆದು, ಹಳೇ ತಂತಿ ತೆಗೆದು, ಹೊಸದು ಸುತ್ತೋರು. 'ಫ್ಯೂಸ್ ಕಟ್ಟೋದು' ಅಂತಲೇ ಮಾತು. ಅಂಗಡಿಯಲ್ಲಿ ಫ್ಯೂಸ್ ವೈರಿನ ಸುರುಳಿ ಸಿಗ್ತಾ ಇತ್ತು, ಐದು ಆಂಪಿಗೆ ಒಂದು ದಪ್ಪ, ಹದಿನೈದಕ್ಕೆ ಇನ್ನೊಂದು. ರಾತ್ರಿ ಎಂಟಕ್ಕೆ ಫ್ಯೂಸ್ ಹೋದರೆ ಸುರುಳಿ ಎಲ್ಲಿ ಹುಡುಕೋದು? ಯಾವುದೋ ವೈರಿನಿಂದ ಎರಡು ಎಳೆ ಕಿತ್ತು ಸುತ್ತಿದರೆ ಆಯ್ತು. ಮತ್ತೆ ಹೋದರೆ ನಾಲ್ಕು ಎಳೆ.

ಗದ್ದೆ ಪಂಪ್‌ಸೆಟ್ಟಿನ ಕತೆ ಇನ್ನೂ ಪಾಠ ಕಲಿಸೋದು. ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯತ್ತೆ. ವೋಲ್ಟೇಜ್ ಇಳಿದಾಗ ಅದೇ ನೀರು ಎತ್ತೋಕೆ ಮೋಟಾರ್ ಹೆಚ್ಚು ಕರೆಂಟ್ ಎಳೀತದೆ. ಫ್ಯೂಸ್ ಹೋಗತ್ತೆ. ಬೆಳೆ ಒಣಗ್ತಾ ಇರೋವಾಗ ಯಾರೂ ಓಮ್‌ನ ನಿಯಮ ಯೋಚನೆ ಮಾಡಲ್ಲ. ದಪ್ಪ ತಂತಿ ಸುತ್ತಿ ಸ್ಟಾರ್ಟರ್ ಒತ್ತುತಾರೆ. ಈ ಸಲ ಫ್ಯೂಸ್ ಹೋಗಲ್ಲ, ಮೋಟಾರಿನ ವೈಂಡಿಂಗ್ ಹೋಗತ್ತೆ. ತಾಲ್ಲೂಕಿನ ರೀವೈಂಡಿಂಗ್ ಅಂಗಡಿಗಳು ಬೇಸಿಗೆಯಲ್ಲಿ ತುಂಬಿರೋದು ಇದಕ್ಕೇನೇ.

ಎಡಿಸನ್ನನ ಫ್ಯೂಸಿನ ದೌರ್ಬಲ್ಯ ಇದೇ. ಅದು ಎಷ್ಟು ಒಳ್ಳೇದು ಅನ್ನೋದು ಅದನ್ನ ಕಟ್ಟೋನ ಮೇಲೆ ನಿಂತಿದೆ. ಜರ್ಮನಿಯ ಮ್ಯಾನ್‌ಹೈಮಿನ ಹ್ಯೂಗೋ ಸ್ಟಾಟ್ಸ್ ಕಂಪನಿ 1924ರಲ್ಲಿ ಪೇಟೆಂಟ್ ಪಡೆದ ಪುಟ್ಟ ಸರ್ಕ್ಯೂಟ್ ಬ್ರೇಕರ್ ಈ ದೌರ್ಬಲ್ಯಕ್ಕೆ ಉತ್ತರ. ಈಗ ನಾವು ಎಂಸಿಬಿ ಅನ್ನೋದು ಅದರ ಮೊಮ್ಮಗ. ಒಳಗೆ ಎರಡು ಕಾವಲುಗಾರರು. ನಿಧಾನವಾದ ಓವರ್‌ಲೋಡಿಗೆ ಎರಡು ಲೋಹ ಸೇರಿಸಿದ ಪಟ್ಟಿ, ಬಿಸಿಯಾದರೆ ಬಾಗತ್ತೆ. ದಿಢೀರ್ ಶಾರ್ಟ್ ಸರ್ಕ್ಯೂಟಿಗೆ ತಂತಿ ಸುರುಳಿಯ ಅಯಸ್ಕಾಂತ, ಕಣ್ಣು ಮಿಟುಕಿಸೋದರೊಳಗೆ ಎಳೀತದೆ. ಕಟ್ಟೋದು ಇಲ್ಲ, ಸುತ್ತೋದು ಇಲ್ಲ, ಮೇಲೆತ್ತಿದರೆ ಆಯ್ತು. 1882ರ ಪಟ್ಟಿಯ ಎರಡನೇ ರೋಗಕ್ಕೆ ಔಷಧ ಸಿಕ್ಕಿತು. ಆದರೆ ಒಂದು ಷರತ್ತು: ಎಂಸಿಬಿಯ ಅಂಕಿ ತಂತಿಯ ತಾಕತ್ತಿಗೆ ತಕ್ಕ ಹಾಗಿರಬೇಕು. ಎಂಸಿಬಿ ಕಾಯೋದು ಫ್ರಿಜ್ಜನ್ನಲ್ಲ, ಗೋಡೆಯೊಳಗಿನ ತಂತಿಯನ್ನ. ಟ್ರಿಪ್ ಆಗ್ತಿದೆ ಅಂತ 16 ಆಂಪ್ ತೆಗೆದು 32 ಹಾಕೋದು, ಕಿಟ್‌ಕ್ಯಾಟಿಗೆ ನಾಲ್ಕು ಎಳೆ ಸುತ್ತಿದ ಅದೇ ಹಳೇ ಬುದ್ಧಿ, ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ.

ಈಗ ಮೊದಲನೇ ರೋಗ, ಸೋರಿಕೆ. ಇಲ್ಲಿ ಸಾಯೋದು ಮನುಷ್ಯ. ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದ ಚಾರ್ಲ್ಸ್ ಡಾಲ್ಜಿಯೆಲ್ ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟಿನವರೆಗೆ ಅದನ್ನ ಬಿಡೋಕೆ ಆಗತ್ತೆ ಅಂತ ಅಳೆದ. ಗಂಡಸರಿಗೆ ಸರಾಸರಿ 16 ಮಿಲಿಆಂಪ್, ಹೆಂಗಸರಿಗೆ 10.5. ಅದನ್ನ ದಾಟಿದರೆ ಕೈ ಹಿಡಿದದ್ದನ್ನ ಬಿಡಲ್ಲ. ಈಗ ನಿಮ್ಮ ಡಿಬಿಯ ಅತಿ ಸಣ್ಣ ಎಂಸಿಬಿ ನೋಡಿ, 6 ಆಂಪ್ ಅಂತಿರತ್ತೆ. ಅಂದರೆ 6000 ಮಿಲಿಆಂಪ್. ಗೀಸರ್ ನಲ್ಲಿ ಹಿಡಿದು ಒದ್ದಾಡ್ತಾ ಇರೋ ಮನುಷ್ಯ ಎಂಸಿಬಿ ಲೆಕ್ಕದಲ್ಲಿ ಒಂದು ಸಣ್ಣ ಬಲ್ಬು. ಹಳೇ 60 ವಾಟ್ ಬಲ್ಬೇ 260 ಮಿಲಿಆಂಪ್ ಎಳೀತಿತ್ತು.

ಇದಕ್ಕೆ ಉತ್ತರ ಬಂದದ್ದರಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಪಾಲು ದೊಡ್ಡದು. ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಅಂತ ತೂಗಿ ನೋಡೋ ಉಪಾಯ ಮುಂಚೆಯೇ ಇತ್ತು, ಆದರೆ ಅದು ಎಚ್ಚರಗೊಳ್ಳೋಕೆ ಸುಮಾರು ಹತ್ತು ಆಂಪ್ ಸೋರಬೇಕಿತ್ತು. ಹೆನ್ರಿ ರೂಬಿನ್ ಅನ್ನೋ ಎಂಜಿನಿಯರ್ 1955ರಲ್ಲಿ ಗಣಿಗಳಿಗೆ 250 ಮಿಲಿಆಂಪಿಗೇ ಎಚ್ಚರವಾಗೋ ಸಾಧನ ಮಾಡಿದ. ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೆರಡು ಮೂರು ವರ್ಷದಲ್ಲಿ 20 ಮಿಲಿಆಂಪಿನ ಸಾಧನಗಳು ಗಣಿ ಕಂಪನಿಗಳ ಕೆಲಸಗಾರರ ಮನೆಗಳಲ್ಲಿ ಕೂತಿದ್ದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1957ರಲ್ಲಿ, ಆಸ್ಟ್ರಿಯದ ಗಾಟ್‌ಫ್ರೀಡ್ ಬೀಗಲ್‌ಮೈಯರ್ ಕೂಡ ಇದೇ ದಾರಿಯಲ್ಲಿ ಇನ್ನೊಂದು ಸಾಧನ ಮಾಡಿದ್ದ. ನಮಗೆ ಕರೆಂಟ್ ಬಂದದ್ದು ಗಣಿಯ ದಾರಿಯಲ್ಲಿ. ಆ ಕರೆಂಟಿನಿಂದ ಜೀವ ಉಳಿಸೋ ಸಾಧನವೂ ಗಣಿಯ ದಾರಿಯಲ್ಲೇ ಬಂತು.

ಅದೇ ಇವತ್ತಿನ ಆರ್‌ಸಿಸಿಬಿ, ಡಿಬಿಯಲ್ಲಿ 'ಟಿ' ಅಂತ ಬರೆದ ಪುಟ್ಟ ಗುಂಡಿ ಇರೋ ಅಗಲವಾದ ಸ್ವಿಚ್ಚು. ತೀರಾ ಸಣ್ಣ ಲೋಡಿನ ಮನೆಗಳನ್ನ ಬಿಟ್ಟರೆ ಮನೆಗಳಿಗೆ ಇದು ಬೇಕು, 30 ಮಿಲಿಆಂಪ್ ಮೀರಬಾರದು ಅಂತ ನಮ್ಮ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವೇ ಹೇಳತ್ತೆ. ನಾನು ಹಿಂದೆ ಬಾಡಿಗೆಗಿದ್ದ ಒಂದು ಮನೆಯಲ್ಲಿ ಆರ್‌ಸಿಸಿಬಿ ಇತ್ತು, ಆದರೆ ಅದರ ಮೂಲಕ ಒಂದು ತಂತಿಯೂ ಹೋಗ್ತಿರಲಿಲ್ಲ. ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗ್ತಿತ್ತಂತೆ, ಬೈಪಾಸ್ ಮಾಡಿದ್ದರು. ಅದು ಟ್ರಿಪ್ ಆಗ್ತಿದ್ದದ್ದು ಯಾಕೆ ಅಂತ ಯಾರೂ ಕೇಳಿರಲಿಲ್ಲ. ಎಲ್ಲೋ ಒಂದು ಒದ್ದೆ ಜಂಕ್ಷನ್ ಬಾಕ್ಸು ಸೋರ್ತಾ ಇದೆ ಅಂತ ಅದು ಬಾಯಿಬಿಟ್ಟು ಹೇಳ್ತಿತ್ತು, ಇವರು ಅದರ ಬಾಯಿ ಮುಚ್ಚಿಸಿದ್ದರು.

ಉಳಿದದ್ದು ಮೂರನೇ ರೋಗ, ಕೆಟ್ಟ ಜೋಡಣೆ. ಇದಕ್ಕೆ ಬೆಲೆ ತೆತ್ತವರ ಕತೆ ದೆಹಲಿಯದು. ಅದು ನಡೆದದ್ದು ಮನೆಯ ಡಿಬಿಯಲ್ಲಲ್ಲ, ಒಂದು ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ. ಆದರೆ ರೋಗ ಅದೇ.

1997ರ ಜೂನ್ 13. ಉಪಹಾರ್ ಚಿತ್ರಮಂದಿರದ ನೆಲಮಹಡಿಯ ಪಾರ್ಕಿಂಗ್ ಪಕ್ಕದಲ್ಲಿ ದೆಹಲಿ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್ ಇತ್ತು. ಬೆಳಗ್ಗೆ ಏಳರ ಸುಮಾರಿಗೆ ಅದರಲ್ಲಿ ಬೆಂಕಿ ಕಾಣಿಸಿತು, ಆರಿಸಿದರು. ಮಂಡಳಿಯ ಸಿಬ್ಬಂದಿ ಬಂದು ಒಂದು ಫೇಸಿನ ಸುಟ್ಟ ಅಲ್ಯೂಮಿನಿಯಂ ಸಾಕೆಟ್ ಬದಲಾಯಿಸಿದರು. ಕೇಬಲ್ಲಿನ ತುದಿಗೆ ಸಾಕೆಟ್ ಕೂರಿಸೋಕೆ ಕ್ರಿಂಪಿಂಗ್ ಯಂತ್ರ ಬೇಕು, ಎಲ್ಲ ಕಡೆಯಿಂದ ಸಮನಾಗಿ ಅದುಮೋಕೆ. ಯಂತ್ರ ಇರಲಿಲ್ಲ. ಡೈ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಕರೆಂಟ್ ವಾಪಸ್ ಬಂತು. ಎಲ್ಲರ ಕಣ್ಣಿಗೂ ಕೆಲಸ ಮುಗಿದಿತ್ತು.

ಸಂಜೆ ಐದಕ್ಕೆ ಐದು ನಿಮಿಷ ಇರೋವಾಗ, ಮೇಲೆ 'ಬಾರ್ಡರ್' ಸಿನಿಮಾ ನಡೀತಿದ್ದಾಗ, ಆ ಸಡಿಲ ಜೋಡಣೆ ಕಿಡಿ ಹಾರಿಸ್ತಾ ಸುಟ್ಟು ಕೇಬಲ್ ಕಳಚಿ ಬಿತ್ತು. ಬಿದ್ದದ್ದು ಟ್ರಾನ್ಸ್‌ಫಾರ್ಮರಿನ ರೇಡಿಯೇಟರ್ ಮೇಲೆ. ಅದು ತೂತಾಗಿ ಎಣ್ಣೆ ಸುರಿದು ಹೊತ್ತಿಕೊಂಡಿತು, ಬೆಂಕಿ ನಿಂತಿದ್ದ ಕಾರುಗಳಿಗೆ ಹಬ್ಬಿತು. ಕೂಡಲೇ ಸರಬರಾಜು ಕತ್ತರಿಸಬೇಕಿದ್ದ ರಿಲೇಗಳು ಪ್ಯಾನೆಲ್ಲಿನಲ್ಲಿ ಇರಲಿಲ್ಲ. ದೂರದ ಗ್ರಿಡ್ ಸ್ಟೇಷನ್ನಿನಲ್ಲಿ ಟ್ರಿಪ್ ಆಗಿದ್ದು 5.05ಕ್ಕೆ. ಹೊಗೆ ಮೆಟ್ಟಿಲು ಹತ್ತಿ ಬಾಲ್ಕನಿ ಸೇರಿತು. 59 ಜನ ಉಸಿರು ಕಟ್ಟಿ ಸತ್ತರು. ಹೊರಗೆ ಹೋಗೋ ದಾರಿಗೆ ಅಡ್ಡವಾಗಿ ಹೆಚ್ಚುವರಿ ಸೀಟು ಹಾಕಿದ್ದದ್ದು, ದೀಪ, ಮೈಕು ಕೈಕೊಟ್ಟಿದ್ದು, ಇವುಗಳ ಬಗ್ಗೆ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು, ನಡೆಯಬೇಕಾದದ್ದೇ. ಆದರೆ ಎಲ್ಲಕ್ಕೂ ಮೊದಲು ಅಲ್ಲೊಂದು ಸುತ್ತಿಗೆ ಇತ್ತು.

ಇದೇ ರೋಗ ನಿಮ್ಮ ಮನೆಯ ಡಿಬಿಯಲ್ಲಿ ಹೇಗೆ ಕೂತಿರತ್ತೆ ಅಂತ ಲೆಕ್ಕ ಹಾಕೋಣ. ಬಿಇ ಮಾಡಿದವರಿಗೆ ಫಸ್ಟ್ ಸೆಮ್ ಲೆಕ್ಕ ಇದು. ಗೀಸರಿನ ತಂತಿಯಲ್ಲಿ 16 ಆಂಪ್ ಹರೀತಾ ಇದೆ ಅಂದ್ಕೊಳ್ಳಿ. ಎಂಸಿಬಿಯ ಸ್ಕ್ರೂ ಸ್ವಲ್ಪ ಸಡಿಲ, ಅಲ್ಲಿ 0.1 ಓಮ್ ಪ್ರತಿರೋಧ ಹುಟ್ಟಿದೆ. ಕರೆಂಟಿನ ವರ್ಗ ಗುಣಿಸು ಪ್ರತಿರೋಧ: ಸುಮಾರು 25 ವಾಟ್. ಅಂದರೆ ಒಂದು ಸಣ್ಣ ಸಾಲ್ಡರಿಂಗ್ ಐರನ್. ಅದು ನಿಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಪ್ಲಾಸ್ಟಿಕ್ ಡಬ್ಬಿಯೊಳಗೆ, ದಿನಾ ಬೆಳಗ್ಗೆ ಅರ್ಧ ಗಂಟೆ ಕಾಯ್ತಾ ಇದೆ.

ಇದನ್ನ ಯಾರು ಹಿಡೀತಾರೆ? ಎಂಸಿಬಿ ಕಣ್ಣಿಗೆ ಇದು ಬರೀ 16 ಆಂಪ್, ಸರಿಯಾಗೇ ಇದೆ. ಆರ್‌ಸಿಸಿಬಿ ಕಣ್ಣಿಗೆ ಹೋದಷ್ಟು ವಾಪಸ್ ಬಂದಿದೆ, ಸೋರಿಕೆ ಇಲ್ಲ. ಇಬ್ಬರು ಕಾವಲುಗಾರರೂ ನೆಟ್ಟಗೆ ನಿಂತಿರ್ತಾರೆ, ಮಧ್ಯದಲ್ಲಿ ಡಬ್ಬಿ ಕರಗತ್ತೆ. ಬಿಸಿಯಾದಷ್ಟೂ ಲೋಹ ಹಿಗ್ಗಿ ಕುಗ್ಗಿ ಸ್ಕ್ರೂ ಇನ್ನಷ್ಟು ಸಡಿಲ ಆಗತ್ತೆ, ತುಕ್ಕು ಹಿಡಿಯತ್ತೆ, ಪ್ರತಿರೋಧ ಇನ್ನಷ್ಟು ಏರತ್ತೆ. ಅಮೆರಿಕದಲ್ಲಿ 1999ರ ವಿದ್ಯುತ್ ಸಂಹಿತೆ ಮಲಗೋ ಕೋಣೆಗಳಿಗೆ ಕಿಡಿ ಪತ್ತೆ ಮಾಡೋ ಬ್ರೇಕರನ್ನ ಕಡ್ಡಾಯ ಮಾಡಿತು, 2002ರಿಂದ ಅನ್ವಯ. ಒಳ್ಳೇದೇ. ಆದರೆ ಕಿಡಿ ಹಾರಿಸದೆ ಸುಮ್ಮನೆ ಕೆಂಪಗೆ ಕಾಯೋ ಜೋಡಣೆ ಅದರ ಕಣ್ಣನ್ನೂ ತಪ್ಪಿಸಬಲ್ಲದು. ಮೂರನೇ ರೋಗಕ್ಕೆ ಇವತ್ತಿಗೂ ಸರಿಯಾದ ಮದ್ದು ಸ್ಕ್ರೂಡ್ರೈವರ್ ಹಿಡಿದ ಕೈ, ಮತ್ತು ಅದನ್ನ ಪರೀಕ್ಷೆ ಮಾಡೋ ಇನ್ನೊಂದು ಕಣ್ಣು.

ಹಾಗಾದರೆ ಡಿಬಿಯ ಕೆಲಸ ಚೆನ್ನಾಗಿದೆಯಾ ಅಂತ ನೋಡೋದು ಹೇಗೆ? ಹೊರಬಾಗಿಲು ತೆಗೆದು ನಾವೇ ನೋಡಬಹುದಾದ್ದು ಕೆಲವಿವೆ. ಪ್ರತಿ ಎಂಸಿಬಿ ಯಾವುದಕ್ಕೆ ಅಂತ ಬರೆದಿದೆಯಾ? ಹೆಸರು ಬರೀದ ಡಿಬಿ ಕಾಮೆಂಟ್ ಇಲ್ಲದ ಕೋಡ್ ಇದ್ದ ಹಾಗೆ, ಬರೆದವನಿಗೆ ಅವಸರ ಇತ್ತು ಅಂತ ಅರ್ಥ. ಅಂಕಿಗಳು ಹೊಂದುತ್ತವಾ? ಸಾಮಾನ್ಯವಾಗಿ ದೀಪ, ಫ್ಯಾನಿನ 1.5 ಚದರ ಮಿಲಿಮೀಟರ್ ತಂತಿಗೆ 6 ಅಥವಾ 10 ಆಂಪ್, 2.5ಕ್ಕೆ 16, ಎಸಿಯ 4ಕ್ಕೆ 20 ಅಥವಾ 25. ಎಲ್ಲ ಸಾಲಿಗೂ 32 ಇದ್ದರೆ ಯಾರೋ ಬಾಕ್ಸ್‌ಗಟ್ಟಲೆ ಒಂದೇ ಸಾಮಾನು ತಂದಿದ್ದಾರೆ ಅಂತ. ಖಾಲಿ ಜಾಗಕ್ಕೆ ಮುಚ್ಚಳ ಇದೆಯಾ, ಮಗುವಿನ ಬೆರಳು ಹೋಗೋ ಕಿಂಡಿ ಉಳಿದಿದೆಯಾ? ಯಾವ ಎಂಸಿಬಿಯ ಮೈಯಾದರೂ ಕಂದಿದೆಯಾ? ಲೋಡ್ ಇದ್ದಾಗ ಜೀರುಂಡೆ ಥರ ಸದ್ದು, ಮೀನು ಹುರಿದ ಥರ ವಾಸನೆ ಬರತ್ತಾ? ಬಂದರೆ ಕಾಯಬೇಡಿ. ಆರ್‌ಸಿಸಿಬಿಯ 'ಟಿ' ಗುಂಡಿ ಒತ್ತಿ, ಮನೆ ಕತ್ತಲಾಗಬೇಕು. ಆಗದಿದ್ದರೆ ಅದು ಕೆಟ್ಟಿದೆ, ಇಲ್ಲಾ ಬೈಪಾಸ್ ಆಗಿದೆ.

ಒಳಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಮೈನ್ ಆಫ್ ಮಾಡಿದರೂ ಬರೋ ತಂತಿಯಲ್ಲಿ ಕರೆಂಟ್ ಇರತ್ತೆ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಬಿಚ್ಚುವಾಗ ಪಕ್ಕ ನಿಂತು ನೋಡಿ. ತಂತಿಯ ಎಳೆಗಳು ಟರ್ಮಿನಲ್ಲಿನಿಂದ ಹೊರಗೆ ಕೂದಲು ಕೆದರಿದ ಹಾಗಿವೆಯಾ, ಅಥವಾ ತುದಿಗೆ ಲಗ್ ಹಾಕಿ ಕ್ರಿಂಪ್ ಮಾಡಿದ್ದಾರಾ? ಒಂದೇ ರಂಧ್ರಕ್ಕೆ ದಪ್ಪದ್ದೊಂದು ತೆಳ್ಳಂದೊಂದು ತಂತಿ ತುರುಕಿದ್ದಾರಾ? ಹಾಗಿದ್ದರೆ ದಪ್ಪದ್ದು ಬಿಗಿಯಾಗಿ ತೆಳ್ಳಂದು ಸಡಿಲ ಉಳಿದಿರತ್ತೆ. ನ್ಯೂಟ್ರಲ್ ಪಟ್ಟಿಯಲ್ಲಿ ಒಂದೊಂದು ತಂತಿಗೆ ಒಂದೊಂದು ಸ್ಕ್ರೂ ಇದೆಯಾ? ಅರ್ಥ್ ತಂತಿಗಳು ಅವುಗಳ ಪಟ್ಟಿಗೆ ಬಂದು ಸೇರಿವೆಯಾ, ಇಲ್ಲಾ ಮುರುಚಿ ಮೂಲೆಗೆ ತಳ್ಳಿದ್ದಾರಾ? ಕೊನೆಗೆ ಬಿಗಿ. ಒಳ್ಳೇ ಕಂಪನಿಯ ಎಂಸಿಬಿಗಳಿಗೆ ಸ್ಕ್ರೂ ಎಷ್ಟು ಬಿಗಿ ಮಾಡಬೇಕು ಅಂತ ನ್ಯೂಟನ್ ಮೀಟರಿನಲ್ಲಿ ಅಂಕಿ ಕೊಟ್ಟಿರ್ತಾರೆ. ಕಡಿಮೆ ಆದರೆ ಕಾಯತ್ತೆ, ಜಾಸ್ತಿ ಆದರೆ ತಾಮ್ರದ ಎಳೆ ಕತ್ತರಿಸತ್ತೆ. ಅದಕ್ಕಂತಲೇ ಟಾರ್ಕ್ ಸ್ಕ್ರೂಡ್ರೈವರ್ ಇದೆ. ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಅದು ಇದ್ದರೆ ಅವರ ನಂಬರ್ ಸೇವ್ ಮಾಡಿಟ್ಟುಕೊಳ್ಳಿ.

ಇದರಲ್ಲಿ ಎಲೆಕ್ಟ್ರಿಷಿಯನ್ನರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಪಾಯಿಂಟಿಗೆ ಇಷ್ಟು ಅಂತ ದುಡ್ಡು ಮಾತಾಡೋದು ನಾವು. ಪಾಯಿಂಟ್ ಲೆಕ್ಕದಲ್ಲಿ ದುಡಿಯೋನಿಗೆ ಸ್ಕ್ರೂ ಎರಡನೇ ಸಲ ನೋಡೋ ಹತ್ತು ನಿಮಿಷ ನಷ್ಟದ ಬಾಬ್ತು. ನಾವು ಆಫೀಸಿನಲ್ಲಿ ಹತ್ತು ಸಾಲು ಕೋಡ್ ಬರೆದರೂ ಇನ್ನೊಬ್ಬರು ರಿವ್ಯೂ ಮಾಡ್ತಾರೆ, ಆ ಹೊತ್ತಿಗೂ ನಮಗೆ ಸಂಬಳ ಬರತ್ತೆ. ಅವನು ನಮ್ಮ ಮಕ್ಕಳು ಮಲಗೋ ಮನೆಗೆ ತಂತಿ ಜೋಡಿಸ್ತಾನೆ, ರಿವ್ಯೂ ಇಲ್ಲ, ಟೆಸ್ಟಿಂಗಿಗೆ ದುಡ್ಡೂ ಇಲ್ಲ.

ಆದ್ದರಿಂದ ಮುಂದಿನ ಸಲ ಕರೆದಾಗ ಕೆಲಸದ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ: ಡಿಬಿಯ ಎಲ್ಲ ಸ್ಕ್ರೂ ನೋಡಿ ಬಿಗಿ ಮಾಡೋದು, ಅರ್ಥ್ ಮತ್ತು ಇನ್ಸುಲೇಷನ್ ಟೆಸ್ಟ್ ಮಾಡೋದು, ಅದಕ್ಕೆ ಬೇರೆ ಒಂದು ಗಂಟೆಯ ಕೂಲಿ. ಅಳತೆಗಳನ್ನ ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆಸಿ ಡಿಬಿ ಬಾಗಿಲ ಒಳಗೆ ಅಂಟಿಸಿ. ಮುಂದಿನ ವರ್ಷ ಬರೋ ಎಲೆಕ್ಟ್ರಿಷಿಯನ್ ಬಾಗಿಲು ತೆಗೆದ ಕೂಡಲೇ ಮೊದಲು ಓದೋದು ಆ ಚೀಟಿಯನ್ನೇ.